ನಮ್ಮ ಪೆಟ್ಟಿಗೆಯಲ್ಲಿ ಮಾತ್ರ

ಇವತ್ತು ವಿಡಿಯೋ ಗೇಮಿನ ಕಥೆ ಹೇಳುತ್ತೇನೆ. ಸ್ವಾಮಿಗಳಿಗೆ ಇದೆಲ್ಲ ಯಾಕೆ ಅಂತ ಹಿಂದಿನ ಸಾಲಿನಲ್ಲಿ ಯಾರೋ ಗೊಣಗಿದರು. ಕೇಳಿಸಿತು. ಯಾಕೆ ಅಂತ ಕೊನೆಗೆ ತಿಳಿಯುತ್ತದೆ, ಕೂತಿರಿ.

ಯಾವುದೋ ಒಂದು ಪಟ್ಟಣ, ಅಲ್ಲೊಬ್ಬ ಸಾಹುಕಾರ. ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು. ದೊಡ್ಡವನ ಹತ್ತಿರ ಒಂದು ಕಂಪನಿಯ ಗೇಮ್ ಪೆಟ್ಟಿಗೆ, ಚಿಕ್ಕವನ ಹತ್ತಿರ ಇನ್ನೊಂದು ಕಂಪನಿಯದು. ಮಗಳು ಸೈಕಲ್ಲಿನಿಂದ ಬಿದ್ದು ಕಾಲು ಮುರಿದುಕೊಂಡಿದ್ದಳು. ಆರು ವಾರ ಮಂಚ ಬಿಟ್ಟು ಇಳಿಯುವ ಹಾಗಿಲ್ಲ. ಪಾಪ, ಮಗುವಿಗೆ ಹೊತ್ತು ಹೋಗಲಿ ಅಂತ ಸಾಹುಕಾರ ಹೊಸ ಗೇಮ್ ತಂದ. ದೋಣಿ ನಡೆಸಿ ಹೊಳೆ ದಾಟುವ ಆಟ. ನೋಡಿ, ಇಬ್ಬರು ಕೂಡಿಯೇ ಆಡಬೇಕು. ಒಬ್ಬರೇ ಕೂತರೆ ದೋಣಿ ನಿಂತಲ್ಲೇ ಸುತ್ತುತ್ತದೆ. ಆ ಆಟ ನಡೆಯುತ್ತಿದ್ದದ್ದು ದೊಡ್ಡವನ ಪೆಟ್ಟಿಗೆಯಲ್ಲಿ.

"ಇದು ನಮ್ದರಲ್ಲಿ ಮಾತ್ರ ಇರೋದು. ಎಕ್ಸ್‌ಕ್ಲೂಸಿವ್!" ಅಂದ ದೊಡ್ಡವನು.

"ಎಲ್ಲಿಯ ಎಕ್ಸ್‌ಕ್ಲೂಸಿವ್? ಮುಂದಿನ ವರ್ಷ ಕಂಪ್ಯೂಟರಿಗೂ ಬರುತ್ತಂತೆ" ಅಂದ ಚಿಕ್ಕವನು.

"ಕಂಪ್ಯೂಟರ್ ಲೆಕ್ಕಕ್ಕಿಲ್ಲ ಕಣೋ. ಪೆಟ್ಟಿಗೆಗಳಲ್ಲಿ ನಮ್ದೊಂದೇ."

"ಒಂದು ವರ್ಷಕ್ಕೆ ಮಾತ್ರ ಅಂದ್ರೆ ಅದೂ ಒಂದು 'ಮಾತ್ರ'ನೇನೋ?"

ಶುರುವಾಯಿತು ನೋಡಿ. ಸ್ನೇಹಿತರು ಬಂದರು, ಎರಡು ಪಕ್ಷವಾಯಿತು. ಬೈದು ಬುದ್ಧಿ ಹೇಳಬೇಕಾದ ಅಪ್ಪ ಏನು ಮಾಡಿದ? ಕುರ್ಚಿ ಹಾಕಿಸಿಕೊಂಡು ನ್ಯಾಯ ಹೇಳಲು ಕೂತ! ಎಲ್ಲರಿಗೂ ಕಾಫಿ ಬೇರೆ ತರಿಸಿದ! ಆ ಮನೆಯಲ್ಲಿ ಕಾಲು ಮುರಿದ ಒಂದು ಮಗು ಇದೆ ಅನ್ನುವುದು ಒಬ್ಬನಿಗಾದರೂ ನೆನಪಿತ್ತೇ?

"ಅಣ್ಣಾ, ಒಂದೇ ಒಂದ್ಸಲ ಆಡೋಣ ಬಾರೋ" ಅಂತ ಹುಡುಗಿ ದೊಡ್ಡವನನ್ನು ಕರೆದಳು. "ಇರೇ, ಮೊದ್ಲು ಇದು ತೀರ್ಮಾನ ಆಗ್ಲಿ" ಅಂದ. ಚಿಕ್ಕವನನ್ನು ಕರೆದಳು. "ಅವನ ಪೆಟ್ಟಿಗೆ ಮುಟ್ಟಿದ್ರೆ ನಾನು ಸೋತ ಹಾಗೆ" ಅಂದ.

ಒಂದು ದಿನವಲ್ಲ, ಎರಡು ದಿನವಲ್ಲ, ಆರು ವಾರ. ಪ್ಲಾಸ್ಟರ್ ತೆಗೆದರು. ಅವತ್ತೇ ಇತ್ತ ತೀರ್ಮಾನವೂ ಆಯಿತು: ಮೊದಲ ವರ್ಷ ಎಕ್ಸ್‌ಕ್ಲೂಸಿವ್, ಆಮೇಲೆ ಅಲ್ಲ. ಮಹಾ ತೀರ್ಮಾನ! ಅಣ್ಣಂದಿರು ತಂಗಿಯನ್ನು ಹುಡುಕಿಕೊಂಡು ಓಡಿದರು. ಅವಳು ಪಕ್ಕದ ಮನೆ ಜಗುಲಿಯಲ್ಲಿ ಗೆಳತಿಯ ಜೊತೆ ಚೌಕಾಬಾರ ಆಡುತ್ತಿದ್ದಳು.

"ಬಾರೇ, ಈಗ ಆಡೋಣ."

"ಹೊಳೆ ಆಚೆ ದಡದಲ್ಲಿ ಏನಿದೆ ಅಣ್ಣಾ? ಮಲಗಿದಲ್ಲೇ ಅದನ್ನೇ ಯೋಚ್ನೆ ಮಾಡ್ತಿದ್ದೆ."

ಆರು ವಾರದಲ್ಲಿ ಒಂದು ಸಲವಾದರೂ ಆಡಿದ್ದರೆ ತಾನೆ? ಇಬ್ಬರಿಗೂ ಗೊತ್ತಿಲ್ಲ!

"ಹಾಗಾದ್ರೆ ನೀವಿಬ್ರೇ ಹೋಗಿ ನೋಡ್ಕೊಳ್ಳಿ" ಅಂದಳು. ಕವಡೆ ಎತ್ತಿಕೊಂಡು ತನ್ನ ಆಟ ಮುಂದುವರಿಸಿದಳು.

ನಗುತ್ತಿದ್ದೀರಲ್ಲ, ನಗಿ. ಹೋದ ಸೋಮವಾರ ನಿಮ್ಮ ಬೀದಿ ಕೊನೆಯಲ್ಲಿ ಬಟ್ಟೆ ಹೊಲಿಯುವ ಚೆನ್ನಾಜಮ್ಮ ಪ್ರವಚನ ಕೇಳಲು ಬಂದರು. ಈ ಬಾಗಿಲಲ್ಲೇ ನಿಮ್ಮಲ್ಲಿ ಇಬ್ಬರು ಅವರನ್ನು ನಿಲ್ಲಿಸಿ "ಯಾವ ಕಡೆಯವರು ನೀವು?" ಅಂತ ಕೇಳಿದಿರಿ. ಬೇರೆ ಮಠದ ಭಕ್ತರು ನಮ್ಮವರ ಲೆಕ್ಕಕ್ಕೆ ಬರುತ್ತಾರೋ ಇಲ್ಲವೋ ಅಂತ ವಾದ ಹಚ್ಚಿದಿರಿ. ಆ ತಾಯಿ ಚಪ್ಪಲಿ ಮೆಟ್ಟಿಕೊಂಡು ವಾಪಸ್ ಹೋದರು. ನಾನು ಇಲ್ಲಿ ಕೂತು ನೋಡಿದೆ. ನಿಮ್ಮ ಮೇಲೆ ಸಿಟ್ಟು ಬಂತು. ನಾಚಿಕೆಯೂ ಆಯಿತು, ಯಾಕೆಂದರೆ ನಾನೂ ಎದ್ದು ಹೋಗಿ ಕರೆಯಲಿಲ್ಲ.

ಶರಣರ ಮಾತು ನಮ್ಮದು ಮಾತ್ರ ಅನ್ನುತ್ತೀರಲ್ಲ, ಅಲ್ಲಿ ಗಾಜಿನ ಕಪಾಟಿನಲ್ಲಿ ಆ ಮಾತಿನ ಪುಸ್ತಕಗಳಿವೆ. ಬೀಗ ಹಾಕಿದ್ದೀರಿ. ಕೀಲಿ ಯಾವ ಮನೆಯಲ್ಲಿರಬೇಕು ಅಂತ ನಾಲ್ಕು ವರ್ಷದಿಂದ ಜಗಳ ಆಡುತ್ತಿದ್ದೀರಿ. ಒಂದು ಪುಟ ಓದಿದ್ದೀರಾ? ಆಚೆ ದಡದಲ್ಲಿ ಏನಿದೆ, ಹೇಳಿ ನೋಡೋಣ?

ನಾಳೆಯಿಂದ ಈ ಬಾಗಿಲಲ್ಲಿ ಯಾರನ್ನೂ ಯಾವ ಕಡೆಯವರು ಅಂತ ಕೇಳಕೂಡದು. ಬನ್ನಿ, ಕೂತ್ಕೊಳ್ಳಿ ಅನ್ನಿ, ಅಷ್ಟೇ ಸಾಕು. ಚೆನ್ನಾಜಮ್ಮನವರ ಮನೆಗೆ ಆ ಇಬ್ಬರೂ ಹೋಗಿ ಕರೆದುಕೊಂಡು ಬನ್ನಿ, ನಾನೂ ಜೊತೆಗೆ ಬರುತ್ತೇನೆ. ಮನೆಗೊಂದು ಪುಸ್ತಕ ಒಯ್ಯಿರಿ, ಊಟಕ್ಕೆ ಮೊದಲು ಒಂದು ಪುಟ ಓದಿ.

ಈಗ ಕಪಾಟಿನ ಕೀಲಿ ಯಾರ ಹತ್ತಿರ ಇದೆ? ಎದ್ದು ಬನ್ನಿ. ಅದು ತೆರೆಯುವವರೆಗೆ ನಾನು ಮುಂದಿನ ಮಾತು ಆಡುವುದಿಲ್ಲ.