ತಿಗರಿಯನ್ನು ನಿಲ್ಲಿಸಿದ್ದು ಯಾರು?

ಊರು ಯಾವುದಾದರೇನು, ಅಲ್ಲೊಬ್ಬ ಶ್ರೀಮಂತ ಇದ್ದೇ ಇರುತ್ತಾನೆ. ಈತನಿಗೊಂದು ನಂಬಿಕೆ: ತಾನು ತಳ್ಳದಿದ್ದರೆ ಲೋಕದಲ್ಲಿ ಯಾವುದೂ ಮುಂದೆ ಹೋಗುವುದಿಲ್ಲ. ಎತ್ತನ್ನು ತಳ್ಳಬೇಕು, ಆಳನ್ನು ತಳ್ಳಬೇಕು, ಹೆಂಡತಿಯನ್ನಂತೂ... ಬೇಡ ಬಿಡಿ, ತಾಯಂದಿರು ಮುಂದೆಯೇ ಕೂತಿದ್ದಾರೆ.

ಮಗಳ ಮದುವೆ ಗೊತ್ತಾಯಿತು. ನೂರು ಗಡಿಗೆ ಬೇಕು. ಸಾಲದೆ ಹೋದರೆ ಬೀಗರೆದುರು ಮಾನ ಹೋಗುತ್ತದೆ. ಊರಿಗೊಬ್ಬನೇ ಮುದಿ ಕುಂಬಾರ. ಶ್ರೀಮಂತ ದಿನಕ್ಕೆ ನಾಲ್ಕು ಸಲ ಹೋಗಿ "ಎಷ್ಟಾದುವೋ?" ಎಂದು ಗುಡುಗುತ್ತಿದ್ದ. ಹತ್ತು ದಿನವಾಯಿತು. ಆದದ್ದೆಷ್ಟು? ಒಂಬತ್ತು!

ಹನ್ನೊಂದನೆಯ ಬೆಳಗ್ಗೆ ಕೆಂಡವಾಗಿ ನುಗ್ಗಿದ. ಕುಂಬಾರ ಧಡಕ್ಕನೆ ಎದ್ದು ಕೈಮುಗಿದ. ಅವನು ಎದ್ದರೂ ಮಡಕೆ ಮಾಡುವ ತಿಗರಿ ಮಾತ್ರ ತಿರುಗುತ್ತಲೇ ಇತ್ತು.

"ಅಲ್ಲೋ, ಈಗ ಅದನ್ನ ಯಾರು ತಳ್ಳಾಕತ್ತಾರ?"

"ಯಾರೂ ಇಲ್ರಿ."

"ಹಂಗಾದ್ರ ನೀ ಕೊಟ್ಟ ಜೋರು ಒಳಗ ಕುಂತೈತಿ. ತೀರಿದ ಕೂಡ್ಲೇ ನಿಲ್ಲತೈತಿ. ನಿಲ್ಲೋದು ಅದರ ಹುಟ್ಟುಗುಣ, ನಿನ್ನಂಗ."

ತಿಗರಿ ನಿಂತೇಬಿಟ್ಟಿತು. ಶ್ರೀಮಂತ ಮೀಸೆ ತಿರುವಿದ. ಕುಂಬಾರ ತಿಗರಿ ಕೂತು ತಿರುಗುವ ಅಡಿಯ ಗೂಟಕ್ಕೆ ಎರಡು ಹನಿ ಹರಳೆಣ್ಣೆ ಬಿಟ್ಟು, ಅಷ್ಟೇ ಜೋರಿನಿಂದ ಮತ್ತೆ ತಿರುಗಿಸಿ, ಎಲೆಯಡಿಕೆ ಹಾಕಿಕೊಂಡ. ಅಗಿದು ಮುಗಿಸಿದರೂ ತಿಗರಿ ನಿಲ್ಲಲೊಲ್ಲದು.

"ಅದಕ್ಕ ಸೋಮಾರಿತನ ಇಲ್ರಿ ಸಾವ್ಕಾರ್ರ. ತಾನಾಗಿ ನಿಲ್ಲಂಗಿಲ್ಲ. ಎಲ್ಲೋ ಏನೋ ಉಜ್ಜತೈತಿ, ಅದು ನಿಲ್ಲಸತೈತಿ. ಉಜ್ಜೋದು ಏನೂ ಇರದಿದ್ರ ನಾ ಸತ್ತ ಮ್ಯಾಲೂ ತಿರಗತಿತ್ತು."

ನೋಡಿ! ತಳ್ಳುವವನಿಲ್ಲದೆ ಚಲನೆಯಿಲ್ಲ ಎಂದರು ಹಿಂದಿನ ಪಂಡಿತರು. ಕೊಟ್ಟ ವೇಗ ವಸ್ತುವಿನೊಳಗೇ ಉಳಿಯುತ್ತದೆ ಎಂದರು ಆಮೇಲಿನವರು. ಹೊರಟದ್ದು ತಾನಾಗಿ ನಿಲ್ಲದು, ತಡೆಯುವುದೇ ಬೇರೆ ಎಂಬಲ್ಲಿಗೆ ಬರಲು ಲೋಕಕ್ಕೆ ಎರಡು ಸಾವಿರ ವರ್ಷ ಹಿಡಿಯಿತು. ನಮ್ಮ ಶ್ರೀಮಂತನಿಗೆ ಒಂದು ಬೆಳಗ್ಗೆ ಸಾಕಾಯಿತು. ಮದುವೆ ಹತ್ತಿರವಿತ್ತಲ್ಲ!

"ಹಂಗಾದ್ರ ನನ್ನ ಗಡಿಗಿಗೆ ಉಜ್ಜಾಕತ್ತಿದ್ದು ಏನೋ?"

ಕುಂಬಾರ ಸೂರು ನೋಡಿದ, ಬೆಕ್ಕು ನೋಡಿದ. "ನೀವು ಬಂದಾಗೆಲ್ಲ ನಾ ಎದ್ದು ಕೈ ಮುಗಿಬೇಕ್ರಿ. ಕೈ ಬಿಟ್ರ ಹಸಿ ಗಡಿಗಿ ಕುಸಿತೈತಿ. ಮತ್ತ ಮಣ್ಣು ಕಲಸಬೇಕು. ಅಷ್ಟೊತ್ತಿಗೆ ಮತ್ತ ನೀವು ಬರ್ತೀರಿ."

ಶ್ರೀಮಂತ ನೆಟ್ಟಗೆ ಮನೆಗೆ ಹೋದ. ಇಪ್ಪತ್ತು ದಿನ ಆ ಓಣಿಗೆ ತಲೆ ಹಾಕಲಿಲ್ಲ. ಅದೇನು ಸುಲಭವೆ? ಕಾಲು ತಾನಾಗಿ ಹೊರಡುತ್ತಿತ್ತು. ಹೆಂಡತಿ ಹೊಸ್ತಿಲಿಗೆ ಅಡ್ಡ ಕೂತು ತಡೆದಳು. ಮದುವೆಗೆ ಬಂದ ಗಡಿಗೆ ನೂರಾ ನಾಲ್ಕು!

ಈಗ ನಿಮ್ಮ ಮನೆಗೆ ಬನ್ನಿ. ಅದು ನೀವು ತಳ್ಳುವುದರಿಂದ ನಡೆಯುತ್ತಿದೆಯೋ, ನೀವು ಉಜ್ಜುತ್ತಿದ್ದರೂ ನಡೆಯುತ್ತಿದೆಯೋ? ನಾಳೆ ಅಡುಗೆಮನೆ ಬಾಗಿಲಲ್ಲಿ ನಿಂತು "ರೊಟ್ಟಿ ಆತೇನು?" ಅನ್ನಬೇಡಿ. ಓದುವ ಮಗಳ ಬೆನ್ನ ಹಿಂದೆ ನಿಂತು ಕೆಮ್ಮಬೇಡಿ. ಕೆಲಸ ನಿಂತಿತೆಂದು ಕೂಗುವ ಮೊದಲು ಎಲ್ಲಿ ಉಜ್ಜುತ್ತಿದೆ, ಯಾರು ಉಜ್ಜುತ್ತಿದ್ದಾರೆ ನೋಡಿ. ನೀವೇ ಎಂದು ಕಂಡರೆ, ದಯವಿಟ್ಟು, ಸ್ವಲ್ಪ ಪಕ್ಕಕ್ಕೆ ಸರಿಯಿರಿ.