ಒಂಬತ್ತು ನೊಣಗಳ ಕಳ್ಳತನ

ಹಲೋ… ಯಾರು ಮಾತಾಡ್ತಿರೋದು? … ಅಲ್ಲ, ಮೊದಲು ನೀವು ಯಾರು ಅನ್ನೋದನ್ನ ಹೇಳಿ. ಮೇಷ್ಟ್ರು ಇದ್ದಾರೋ ಇಲ್ಲವೋ ಅನ್ನೋದನ್ನ ಆಮೇಲೆ ತೀರ್ಮಾನ ಮಾಡೋಣ.

… ಕೋಚಾ? ನಮ್ಮ ಗಾಳದ ಕ್ಲಬ್ಬಿನ ಕೋಚಾ? ದನಿಯೇನೋ ನಿಮ್ಮದೇ, ಒಪ್ಪಿದೆ. ಆದರೆ ನಂಬರು ನಿಮ್ಮದಲ್ಲವಲ್ಲ? ನಿಮ್ಮ ನಂಬರನ್ನ ನಾನು ಡೈರಿಯಲ್ಲಿ ಬರೆದಿಟ್ಟಿದ್ದೀನಿ. ಯಾರ ಫೋನಿಂದ ಮಾಡ್ತಿದ್ದೀರಿ?

… ನಿಮ್ಮದರಲ್ಲಿ ಚಾರ್ಜ್ ಇಲ್ಲ, ಸರಿ. ನಾನು ಕೇಳಿದ್ದು ಅದನ್ನಲ್ಲ. ಇದು ಯಾರ ಫೋನು? … ಆಮೇಲೆ ಹೇಳ್ತೀರಾ? ಹೂಂ. ಹೇಳಿ, ಏನು ವಿಷಯ?

… ಹಾಂ, ಆ ಪತ್ರ ನಾನೇ ಬರೆದದ್ದು. ಅಧ್ಯಕ್ಷರಿಗೆ ಒಂದು ಪ್ರತಿ, ಕ್ಲಬ್ಬಿನ ನೋಟಿಸ್ ಬೋರ್ಡಿಗೆ ಒಂದು ಪ್ರತಿ. ಮೂವತ್ನಾಲ್ಕು ವರ್ಷ ಮಕ್ಕಳಿಗೆ ಪಾಠ ಹೇಳಿದವನು ನಾನು, ಮರೆಯಲ್ಲಿ ನಿಂತು ಚಾಡಿ ಹೇಳೋನಲ್ಲ. ಕೆಳಗೆ ರುಜು ಇದೆ, ತಾರೀಖು ಇದೆ. ಇವತ್ತು ನಾಲ್ಕು ಗಂಟೆಗೆ ಸಭೆ ಕರೆದಿದ್ದಾರೆ. ಆ ಮನುಷ್ಯನ ಹೆಸರನ್ನ ಕ್ಲಬ್ಬಿನಿಂದ ತೆಗೆಯಲೇಬೇಕು.

… ದುಡುಕಾ? ನಾನಾ? ಕೇಳಿ. ಐದು ಭಾನುವಾರ, ಕೆರೆ ಪಕ್ಕದ ಹುಲ್ಲಿನ ಮೈದಾನದಲ್ಲಿ, ನಿಮ್ಮ ಕಣ್ಣೆದುರಿಗೇ ಗಾಳ ಬೀಸೋದನ್ನ ಕಲಿತಿದ್ದೀನಿ. ಸಣ್ಣ ಕೊಕ್ಕೆಗೆ ಗರಿ, ನೂಲು ಸುತ್ತಿ ಮಾಡಿದ ಆ ನಕಲಿ ನೊಣವನ್ನ ದಾರದ ತುದಿಗೆ ನನ್ನ ಕೈಯಾರೆ ಕಟ್ತೀನಿ. ನಾಲ್ಕು ಸಲ ಬೀಸಿ, ದಾರವನ್ನ ಹುಲ್ಲಿನ ಮೇಲೆ ಬಿಟ್ಟು ಬೆವರು ಒರೆಸ್ಕೊಂಡು ನೋಡಿದ್ರೆ ನೊಣ ಮಾಯ. ಒಂಬತ್ತು ನೊಣ ಹೋಯ್ತು, ಸ್ವಾಮಿ! ನನ್ನ ಬೆನ್ನ ಹಿಂದೆ ನಿಲ್ಲೋನು ಯಾರು? ಆ ಗಡಿಯಾರ ರಿಪೇರಿಯವನು. ಅವನ ಜೇಬಲ್ಲಿ ಸದಾ ಇರೋದೇನು? ಚಿಮಟ! ನಾನು ತಿರುಗಿದಾಗಲೆಲ್ಲ ಅವನು ಬಗ್ಗಿಕೊಂಡೇ ಇರ್ತಾನೆ. ಇದಕ್ಕಿಂತ ಸಾಕ್ಷ್ಯ ಬೇಕಾ?

… ಯಾಕೆ ಬಗ್ತಾನೆ ಅಂತ ಅವನನ್ನೇ ಕೇಳಬೇಕಿತ್ತಾ? ಚೆನ್ನಾಗಿದೆ. ಕಳ್ಳನ ಅಪ್ಪಣೆ ಪಡೆದು ದೂರು ಬರೀಬೇಕಾ?

… ರಿಪೇರಿಗೆ ಕೊಟ್ಟ ಗಡಿಯಾರಗಳನ್ನ ಜನ ವಾಪಸ್ ತಗೊಂಡು ಹೋದ್ರಾ? ಎಷ್ಟು ಜನ? … ಬೆಳಿಗ್ಗೆಯಿಂದ ಮೂರು ಜನವಾ? ಬಿಚ್ಚಿಟ್ಟಿದ್ದನ್ನೂ ಹಾಗೇ ಕಾಗದದಲ್ಲಿ ಕಟ್ಟಿಸ್ಕೊಂಡು ಹೋದ್ರಾ? … ಹಾಗಾದ್ರೆ ಬೋರ್ಡ್ ಓದೋರೂ ಇದ್ದಾರೆ ಅಂತಾಯ್ತು. ಅದು ನಂಬಿಕೆಯ ಕಸುಬು. ನಂಬಿಕೆ ಕೆಡಿಸ್ಕೊಂಡವನು ಅದರ ಫಲ ಉಣ್ಣಬೇಕು. ನಾನೇನು ಮಾಡಲಿ?

… ಇರಿ, ಇರಿ. ಅವನ ಅಂಗಡಿಗೆ ಯಾರು ಬಂದ್ರು, ಯಾರು ಹೋದ್ರು ಅನ್ನೋದು ನಿಮಗೆ ಹೇಗೆ ಗೊತ್ತು? ಆ ಟಿಕ್ ಟಿಕ್ ಏನದು? ಒಂದಲ್ಲ, ಹತ್ತಾರು! ಕೋಚ್ ಅವರೇ, ನೀವು ಅಲ್ಲೇ ನಿಂತಿದ್ದೀರಿ, ಅಲ್ವಾ? ಅವನ ಅಂಗಡಿಯಲ್ಲಿ, ಅವನ ಫೋನಿಂದಲೇ! … ಓಹೋ. ಪುಕ್ಕಟೆಯಾಗಿ ನಿಮ್ಮ ಗಡಿಯಾರಕ್ಕೆ ಹೊಸ ಪಟ್ಟಿ ಹಾಕಿಕೊಟ್ನಾ? … ಸಿಟ್ಟು ಮಾಡ್ಕೊಳ್ಳಿ, ಪರವಾಗಿಲ್ಲ. ಕೇಳೋದು ನನ್ನ ಕರ್ತವ್ಯ.

… ಸದ್ದಾ? ಯಾವ ಸದ್ದು? … ಹಾಂ, ಬರುತ್ತೆ. ಛಟೀರ್ ಅಂತ, ಚಾವಟಿ ಹೊಡೆದ ಹಾಗೆ. ಇಡೀ ತಂಡದಲ್ಲಿ ನನ್ನ ದಾರಕ್ಕೆ ಮಾತ್ರ ಆ ಸದ್ದು ಒಲಿದಿದೆ. ಆದರೆ ಈಗ ಹೊಗಳಿ ಮಾತು ಮರೆಸಬೇಡಿ.

… ಹೊಗಳಿಕೆ ಅಲ್ವಾ? ಮತ್ತೆ? … ಆ ಸದ್ದು ಬರಲೇಬಾರದಾ? ಐದು ವಾರ ಬಾಯಿ ಮುಚ್ಕೊಂಡಿದ್ದು ಈಗ ಹೇಳ್ತಿದ್ದೀರಲ್ಲ! … ಪ್ರತಿ ವಾರ ಹೇಳಿದ್ರಾ? ‘ಕಾಯಿರಿ, ಕಾಯಿರಿ’ ಅಂತ ಕೂಗ್ತಿದ್ದದ್ದು ನನಗಾ? … ನಾನು ಪಕ್ಕದವರಿಗೆ ಅಂದ್ಕೊಂಡಿದ್ದೆ.

… ಈಗಲೇ ಬೀಸಿ ತೋರಿಸಬೇಕಾ? ನಮ್ಮ ಅಂಗಳದಲ್ಲಾ? ಇದೇನು ಹೊಸ ನಾಟಕ? … ಇಲ್ಲ, ಮನೇಲಿ ಬರೀ ದಾರ ಬೀಸ್ತೀನಿ, ನೊಣ ಕಟ್ಟೋದಿಲ್ಲ. ಒಣಹಾಕಿದ ಸೀರೆಗೆ ಕೊಕ್ಕೆ ಸಿಕ್ಕಿಕೊಂಡ್ರೆ ನನಗೆ ಊಟ ಸಿಗಲ್ಲ. … ಸರಿ. ಪರೀಕ್ಷೆಗೆ ಹೆದರೋನು ನಾನಲ್ಲ. ಫೋನನ್ನ ಕಿಟಕಿ ಮೇಲಿಡ್ತೀನಿ, ನೀವು ಜೋರಾಗಿ ಮಾತಾಡಿ. … ಇವಳೇ, ಆ ಬಟ್ಟೆ ಸ್ವಲ್ಪ ತೆಗಿ. ಯಾಕೆ ಅಂತ ಆಮೇಲೆ ಹೇಳ್ತೀನಿ.

… ಕೇಳಿಸ್ತಿದೆಯಾ? ನೊಣ ಕಟ್ಟಿದ್ದೀನಿ, ಗಂಟು ಎಳೆದು ನೋಡಿದ್ದೀನಿ. ನೀವು ಹೇಳಿದ ಹಾಗೆ ಕಂಕುಳಲ್ಲಿ ಪುಸ್ತಕ ಅವುಚಿಕೊಂಡಿದ್ದೀನಿ, ಮೊಣಕೈ ಮೈಬಿಟ್ಟು ಹೋಗಲ್ಲ. ಮಣಿಕಟ್ಟು ಬಗ್ಗಿಲ್ಲ. ಇದರಲ್ಲೆಲ್ಲ ನನ್ನ ತಪ್ಪು ಹುಡುಕಬೇಡಿ. ಹಿಂದಕ್ಕೆ… ಮುಂದಕ್ಕೆ… ಹಿಂದಕ್ಕೆ… ಮುಂದಕ್ಕೆ. ಕೇಳಿಸ್ತಾ ಛಟೀರ್?

… ತುದಿ ನೋಡ್ಬೇಕಾ? ಇರಿ.

… 

… ಇಲ್ಲ.

… ನೊಣ ಇಲ್ಲ ಅಂದೆ. ದಾರ ಇದೆ, ನೊಣ ಇಲ್ಲ. … ಹಿಂದೆ ಯಾರಿದ್ದಾರೆ ಅಂದ್ರೆ? ಹಿಂದೆ ಖಾಲಿ ಅಂಗಳ, ಅದರಾಚೆ ಗೋಡೆ! … ಏ, ನೀನೇನಾದ್ರೂ ಕಿತ್ಕೊಂಡ್ಯಾ? … ಇಲ್ಲ ಅಂತಾಳೆ. ಬಟ್ಟೆ ತಬ್ಬಿಕೊಂಡು ನಗ್ತಿದ್ದಾಳೆ.

… ಹೂಂ, ಇನ್ನೊಂದು ಕಟ್ಟಿದೆ. ಕತ್ತು ತಿರುಗಿಸಿ ಹಿಂದೆ ನೋಡ್ತಾ ಬೀಸಬೇಕಾ? ದಾರ ಪೂರ್ತಿ ಬಿಚ್ಚಿ ನೆಟ್ಟಗಾಗೋವರೆಗೆ ಗಾಳದ ಕೋಲನ್ನ ಹಾಗೇ ತಡೆದು ನಿಲ್ಲಿಸಬೇಕು… ಹಿಂದಕ್ಕೆ… ಅಯ್ಯೋ, ಸುರುಳಿ ಇನ್ನೂ ಬಿಚ್ತಾನೇ ಇದೆಯಲ್ಲ! ಇಷ್ಟು ಹೊತ್ತು ಬೇಕಾ ಇದಕ್ಕೆ? ನಾನು ಇದರ ಅರ್ಧಕ್ಕೇ ಮುಂದಕ್ಕೆ ಎಳೀತಿದ್ದೆ. … ಈಗಲಾ? ಮುಂದಕ್ಕೆ. … ಸದ್ದೇ ಬರಲಿಲ್ಲ. … ಇದೆ, ಕೋಚ್ ಅವರೇ. ನೊಣ ತುದಿಯಲ್ಲೇ ಇದೆ. ಅಂದ್ರೆ ಆ ಛಟೀರ್ ಅನ್ನೋ ಏಟಿಗೇ ನೊಣ ಕಿತ್ತು ಹಾರಿಹೋಗ್ತಿತ್ತು.

… ಇರಿ, ಫೋನ್ ಕೈಗೆ ತಗೊಂಡೆ. ಹಾಗಾದ್ರೆ ಅವರು ಬಗ್ತಿದ್ದದ್ದು ಯಾಕೆ? … ತಲೆ ಉಳಿಸ್ಕೊಳ್ಳೋಕಾ? … ಕಿವಿಗಾ? ಕೊಕ್ಕೆ ಕಿವಿಗೆ ಚುಚ್ಚಿತ್ತಾ? ಯಾವಾಗ? … ಮೂರನೇ ವಾರವಾ? ತಾವೇ ಚಿಮಟದಲ್ಲಿ ಕಿತ್ತು ಹಾಕಿದ್ರಾ? ಒಂದು ಮಾತು ಹೇಳಲಿಲ್ಲವಲ್ಲ ಆ ಮಹಾನುಭಾವರು! … ಮೇಷ್ಟ್ರು ನೊಂದ್ಕೊಳ್ತಾರೆ ಅಂತಾನಾ?

… ಇಲ್ಲ. ಗುಟ್ಟಾಗಿ ಪತ್ರ ವಾಪಸ್ ತಗೊಳ್ಳೋ ಮಾತೇ ಇಲ್ಲ. ನನ್ನ ಮಾನ ಕಾಯೋಕೆ ನೀವ್ಯಾರು? ಹತ್ತು ಜನ ಓದೋ ಹಾಗೆ ಅಂಟಿಸಿದ ಸುಳ್ಳನ್ನ ಹತ್ತು ಜನರ ಮುಂದೇನೇ ಕೀಳಬೇಕು. ಸುಳ್ಳು ದೂರು ತಂದ ಮಕ್ಕಳನ್ನ ಬೆಂಚಿನ ಮೇಲೆ ನಿಲ್ಲಿಸ್ತಿದ್ದವನು ನಾನು. ಇವತ್ತಿನ ಸಭೆಯಲ್ಲಿ ನಾನೇ ಎದ್ದು ನಿಂತು ಹೇಳ್ತೀನಿ. ಮೊದಲು ಫೋನ್ ಅವರ ಕೈಗೆ ಕೊಡಿ.

… ನಮಸ್ಕಾರ. ನಾನು… ಮೇಷ್ಟ್ರು. … ನನ್ನದು ದೊಡ್ಡ ತಪ್ಪಾಯ್ತು. ಕ್ಷಮಿಸಿ. ನೀವು ಬೈದುಬಿಡಿ. … ಬೈಯೋದಿಲ್ವಾ? ಯಾಕೆ ಬೈಯೋದಿಲ್ಲ? ಮನಸ್ಸಲ್ಲಿ ಏನಿಟ್ಕೊಂಡಿದ್ದೀರಿ?

… ಪರವಾಗಿಲ್ಲ ಅನ್ಬೇಡಿ, ದಯವಿಟ್ಟು ಅನ್ಬೇಡಿ. ಬಂದ ಕೆಲಸ ಬಾಗಿಲಿಂದ ವಾಪಸ್ ಹೋದದ್ದು ಪರವಾಗಿಲ್ವಾ? ಕೇಳಿ, ನಮ್ಮ ಮಾವನವರು ಮದುವೆಯಲ್ಲಿ ಕೊಟ್ಟ ಕೈಗಡಿಯಾರ ನನ್ನ ಹತ್ತಿರ ಇದೆ. ಸಭೆ ಮುಗಿಸಿ ನೇರವಾಗಿ ನಿಮ್ಮ ಅಂಗಡಿಗೆ ಬರ್ತೀನಿ. ಸಂಜೆ ಬೀದಿ ತುಂಬ ಜನ ಇರ್ತಾರಲ್ಲ, ಆಗಲೇ ಬರ್ತೀನಿ. ಎಲ್ಲರೂ ನೋಡೋ ಹಾಗೆ ನಿಮ್ಮ ಕೈಗೆ ಕೊಟ್ಟು, ವಾರ ಬಿಟ್ಟು ತಗೊಂಡು ಹೋಗ್ತೀನಿ. … ಅದಕ್ಕೆ ಏನಾಗಿದೆ ಅಂತಾನಾ? … ಏನೂ ಆಗಿಲ್ಲ. ಚೆನ್ನಾಗೇ ನಡೀತಿದೆ. ಆದ್ರೂ…

… ತಗೊಳ್ಳೋದಿಲ್ವಾ? … ಕೆಡದೇ ಇರೋ ಗಡಿಯಾರವನ್ನ ಯಾರು ಕೊಟ್ಟರೂ ಇಟ್ಕೊಳ್ಳೋದಿಲ್ವಾ?

… ಹೌದು. ಹೌದು, ಅದೂ ಒಂದು ಸುಳ್ಳೇ ಆಗುತ್ತೆ. ನೀವು ಹೇಳೋದು ಸರಿ.

… ಹಾಗಾದ್ರೆ ಬರಿಗೈಲಿ ಬರ್ತೀನಿ. ನಿಮ್ಮ ಬಾಗಿಲ ಹತ್ತಿರ ನಿಂತ್ಕೊಂಡು, ಹೋಗಿ ಬರೋರಿಗೆಲ್ಲ ನಡೆದದ್ದನ್ನ ನನ್ನ ಬಾಯಾರೆ ಹೇಳ್ತೀನಿ. ಬರಬಹುದಾ? … ಹಲೋ? … ಬರಬಹುದಾ ಅಂತ ಕೇಳ್ತಿದ್ದೀನಿ. … ಆ ಟಿಕ್ ಟಿಕ್ಕೂ ಕೇಳಿಸ್ತಿಲ್ಲವಲ್ಲ, ಫೋನ್ ಇಟ್ಟುಬಿಟ್ರಾ? … ಹಲೋ… ಹಲೋ…