ಹಾರದ ವಿಮಾನದ ಆರು ಗಂಟೆ

ಮೃದುಲಕ್ಕ ಬಂದು ಕೂತರೆ ನನ್ನ ದನಿ ಏಳಲಿಕ್ಕಿಲ್ಲ ಎಂದು ಸುವರ್ತಾ ಬೆಳಿಗ್ಗೆ ಡೈರಿಯಲ್ಲಿ ಬರೆದುಕೊಂಡಿದ್ದಳು. ದೊಡ್ಡಪ್ಪನ ಮಗಳು ಮೃದುಲಳ ಮಗು ತೀರಿಕೊಂಡು ಹನ್ನೊಂದು ತಿಂಗಳಾಗಿತ್ತು. ಎರಡೇ ಬೀದಿ ಆಚೆಗಿನ ಆ ಮನೆಗೆ ಸುವರ್ತಾ ಒಮ್ಮೆಯೂ ಹೋಗಿರಲಿಲ್ಲ. ಇಂದು ಚರ್ಚಿನಲ್ಲಿ ಮಹಿಳಾ ಭಾನುವಾರ; ಸಭಾಪಾಲಕರು ಆರಾಧನೆಯ ಪ್ರಸಂಗವನ್ನು ಅವಳಿಗೇ ವಹಿಸಿದ್ದರು. ಪೀಠ ಹತ್ತಿ ನೋಡಿದರೆ ಮೃದುಲ ಕಿಟಕಿಯ ಬದಿಯ ಬೆಂಚಿನಲ್ಲಿದ್ದಳು.

"ನಮ್ಮ ಕಡೆಯದೇ ಒಂದು ಊರು. ಅಲ್ಲಿ ಹಂಚಿನ ಕಾರ್ಖಾನೆಯ ಧನಿಯೊಬ್ಬರು," ಎಂದು ಶುರುಮಾಡಿದಳು. "ಅವರ ಒಬ್ಬಳೇ ತಂಗಿ ನೈರೋಬಿಯಲ್ಲಿ ನರ್ಸ್. 'ಅಣ್ಣಾ, ಒಮ್ಮೆ ಬಂದು ಹೋಗು' ಎಂದು ಕರೆಯುತ್ತಲೇ ಇದ್ದಳು. ಧನಿಗಳು ಕಂಪ್ಯೂಟರಿನಲ್ಲಿ ನೋಡಿಟ್ಟುಕೊಂಡಿದ್ದರು: ಮಂಗಳೂರು ವಿಮಾನ ನಿಲ್ದಾಣದಿಂದ ನೈರೋಬಿಗೆ ನಾಲ್ಕೂವರೆ ಸಾವಿರ ಕಿಲೋಮೀಟರು, ಪ್ರಯಾಣ ಆರು ಗಂಟೆ. 'ಆರೇ ಗಂಟೆ ಅಲ್ವಾ ಮಾರಾಯ್ತಿ? ಬೆಂಗಳೂರಿನ ಬಸ್ಸಿಗೂ ಅದಕ್ಕಿಂತ ಜಾಸ್ತಿ ಬೇಕು. ನೀನು ಹೇಳಿದ ದಿನ ಬೆಳಿಗ್ಗೆ ಗಂಜಿ ಉಂಡು ಹೊರಟರೆ ಮಧ್ಯಾಹ್ನದ ಊಟಕ್ಕೆ ನಿನ್ನಲ್ಲಿರ್ತೇನೆ' ಅನ್ನುವರು. ನೋಡಿ, ಅವರು ಸುಳ್ಳು ಹೇಳಲಿಲ್ಲ. ನಂಬಿದ್ದರು. ಏಳು ವರ್ಷ ನಂಬಿಕೊಂಡೇ ಇದ್ದರು.

"ಒಂದು ದಿನ ತಂಗಿ ಆಸ್ಪತ್ರೆಯ ಮಂಚದಿಂದಲೇ ಫೋನ್ ಮಾಡಿದಳು. 'ಅಣ್ಣಾ, ಈಗ ಬಾ.' ಧನಿಗಳು ಟಿಕೆಟು ಮಾಡಿಸುವಲ್ಲಿಗೆ ಓಡಿದರು. ಅಲ್ಲಿದ್ದ ಹೆಂಗಸು 'ಇಲ್ಲಿಂದ ನೇರ ವಿಮಾನ ಇಲ್ಲ ಸರ್' ಅಂದಳು.

"'ಮತ್ತೆ ಆರು ಗಂಟೆ ಅಂತ ಬರೆದದ್ದುಂಟಲ್ಲ?'

"'ಅದು ಭೂಪಟದಲ್ಲಿ ಗೆರೆ ಎಳೆದು ಮಾಡಿದ ಲೆಕ್ಕ. ಹಾರಿದ್ರೆ ಅಷ್ಟು ಹೊತ್ತು. ಆ ಗೆರೆ ಮೇಲೆ ಯಾರೂ ಹಾರೋದಿಲ್ಲ ಸರ್. ನೀವು ಮುಂಬಯಿಗೆ ಹೋಗಿ, ಅಲ್ಲಿ ಕಾದು, ಬೇರೆ ವಿಮಾನ ಹತ್ತಬೇಕು. ಪಾಸ್‌ಪೋರ್ಟ್ ಸರಿ ಉಂಟಲ್ಲ?'

"ಪಾಸ್‌ಪೋರ್ಟಿನ ಅವಧಿ ಮುಗಿದು ಎರಡು ವರ್ಷವಾಗಿತ್ತು.

"ಧನಿಗಳು ತಲುಪಿದ್ದು ಹನ್ನೆರಡನೆಯ ದಿನ. ತಂಗಿಯ ಮಂಚಕ್ಕೆ ಬೇರೆ ಚಾದರ ಹಾಸಿತ್ತು. ಬೇರೆ ಯಾರೋ ಮಲಗಿದ್ದರು."

ಸುವರ್ತಾಳ ದನಿ ಸಣ್ಣದಾಯಿತು, ಆದರೆ ನಿಲ್ಲಲಿಲ್ಲ.

"ಧನಿಗಳನ್ನು ಬೈಯುವುದು ಸುಲಭ. ನಮ್ಮ ಹತ್ತಿರ ಅಂಥ ವಿಮಾನ ಎಷ್ಟಿಲ್ಲ? ಒಂದು ಫೋನ್ ಮಾಡಿದರಾಯಿತು ಅನ್ನುತ್ತೇವೆ. ಮಾಡಿದೆವಾ? ಆಚೆ ಬೀದಿಯೇ ಅಲ್ಲವಾ ಅನ್ನುತ್ತೇವೆ. ಹೋದೆವಾ? ದೂರ ಎಷ್ಟೆಂದು ಗೊತ್ತಿದ್ದ ಮಾತ್ರಕ್ಕೆ ಹೋದ ಹಾಗೆ ಆಗುವುದಿಲ್ಲ. ಇವತ್ತು ಆರಾಧನೆ ಮುಗಿದ ಕೂಡಲೇ ಊಟಕ್ಕೆ ಕೂರಬೇಡಿ. ದಾರಿ ಗೊತ್ತಿದ್ದೂ ಯಾರ ಮನೆಗೆ ಹೋಗಿಲ್ಲವೋ ಮೊದಲು ಅಲ್ಲಿಗೆ ಹೋಗಿ. ಮಾತು ಸಿಗದಿದ್ದರೆ ಸುಮ್ಮನೆ ಕೂತು ಬನ್ನಿ."

ಕಾಗದದಲ್ಲಿ ಇನ್ನು ಆಮೆನ್ ಒಂದೇ ಉಳಿದಿತ್ತು. ಸುವರ್ತಾ ಅದನ್ನು ಓದಲಿಲ್ಲ. ಕಿಟಕಿಯ ಕಡೆ ತಿರುಗಿದಳು.

"ಮೃದುಲಕ್ಕ, ಮಗು ಹೋದಾಗ ನನಗೆ ಪರೀಕ್ಷೆ ಇತ್ತು ಅಂತ ಹೇಳಿಸಿದ್ದು ಸುಳ್ಳು. ನಿನ್ನ ಮುಖ ನೋಡ್ಲಿಕ್ಕೆ ಹೆದರಿ ನಾನು ಬರಲಿಲ್ಲ."